ಜವಾರಿಯೂ ಗಿಟಾರಿನ ಒಡಕು ದನಿಯೂ

ತಂಬೂರಿಯ ಝೇಂಕಾರವನ್ನು ನಾವು ಶುದ್ಧನಾದವೆಂದು ಕರೆಯುವುದುಂಟು. ವಾಸ್ತವವಾಗಿ ಅದು ಹದವರಿತು ಕೆಡಿಸಿದ ನಾದ. ಕುದುರೆಯ ಅಗಲವಾದ ಮೈಯನ್ನು ತಂತಿಯು ತಾಕುತ್ತ, ಬಿಡುತ್ತ ಕಂಪಿಸುವುದರಿಂದ ಮೂಲಸ್ವರದೊಡನೆ ಅದರ ಎರಡು, ಮೂರು, ನಾಲ್ಕು, ಐದು ಪಟ್ಟು ಕಂಪನಗಳುಳ್ಳ ಉಪಸ್ವರಗಳು ಬಲವಾಗಿ ಎದ್ದು ಬರುತ್ತವೆ. ಈ ತಾಕುವಿಕೆಯನ್ನು ಹದಕ್ಕೆ ತರಲೆಂದೇ ತಂತಿಯ ಕೆಳಗೆ ನೂಲಿನ ಎಳೆಯೊಂದನ್ನಿಟ್ಟು ಕೂದಲೆಳೆಯಷ್ಟು ಅತ್ತಿತ್ತ ಸರಿಸುತ್ತಾರೆ. ಮೀರಜಿನ ವಾದ್ಯಕಾರರು ಕುದುರೆಯ ಮೈಯನ್ನು ಉಜ್ಜಿ ಉಜ್ಜಿ ತೆಗೆಯುವ ಈ ಗುಣಕ್ಕೆ ಜವಾರಿ ಎಂದು ಹೆಸರು. ನಮ್ಮ ಸೀಮೆಯಲ್ಲಿ ಜವಾರಿ ಎಂದರೆ ನಾಟಿ ತಳಿಯೆಂದೂ ಅರ್ಥವಿದೆ. ವಾದ್ಯದ ಜವಾರಿ ಬೇರೆಯದು. ರೋಣದಲ್ಲಿ 1922ರಲ್ಲಿ ಹುಟ್ಟಿದ ಭೀಮಸೇನ ಜೋಶಿಯವರು ತಮ್ಮ ಕಂಠವನ್ನು ಹರಿಯಬಿಟ್ಟದ್ದು ಈ ಝೇಂಕಾರದ ಆಸರೆಯಲ್ಲಿಯೇ.

ಈ ಮಾತನ್ನು ಮೊದಲಿಗೇ ಹೇಳಲು ಕಾರಣವಿದೆ. ವಿದ್ಯುತ್ ಗಿಟಾರಿನ ಒಡಕು ದನಿಯನ್ನು ಕೇಳಿದೊಡನೆ ನಮ್ಮ ವಯಸ್ಸಿನವರು ಕಿವಿ ಮುಚ್ಚಿಕೊಳ್ಳುತ್ತಾರೆ. ಅತ್ತ ಗಜೇಂದ್ರಗಡ, ಲಕ್ಕಲಕಟ್ಟಿಗಳಂಥ ಊರಿನ ತರುಣನೊಬ್ಬ ಆ ದನಿಯನ್ನೇ ಅರಸಿ ಹೊರಟರೆ, ಎರೆಹೊಲದ ಕಡಲೆ ಮಾರಿ ಬಂದ ಹಣದಲ್ಲಿ ಒಂದು ಪಾಲು ಡಿಸ್ಟಾರ್ಷನ್ ಪೆಡಲಿಗೂ ಆಂಪ್ಲಿಫೈಯರಿಗೂ ಹೋಗುತ್ತದೆ. ತಿಳಿಯದೆ ಕೊಂಡರೆ ಹಣವೂ ಹೋಯಿತು, ಮನೆಯವರ ನಂಬಿಕೆಯೂ ಹೋಯಿತು. ಆದ್ದರಿಂದ ಈ ದನಿ ಹುಟ್ಟುವ ಬಗೆಯನ್ನು ತಿಳಿಯುವುದು ಇಬ್ಬರಿಗೂ ಅಗತ್ಯ.

ಗಿಟಾರಿನ ತಂತಿಯ ಕೆಳಗಿರುವ ಅಯಸ್ಕಾಂತ ಮತ್ತು ಸುರುಳಿಗಳು ಕಂಪನವನ್ನು ಸಣ್ಣ ವಿದ್ಯುತ್ತಿನ ಅಲೆಯಾಗಿ ಮಾರ್ಪಡಿಸುತ್ತವೆ. ಆಂಪ್ಲಿಫೈಯರು ಆ ಅಲೆಯನ್ನು ಹಿಗ್ಗಿಸುತ್ತದೆ. ಆದರೆ ಅದರ ಶಕ್ತಿಗೊಂದು ಮಿತಿಯಿದೆ. ಮೇವನ್ನು ಎತ್ತರವಾಗಿ ಹೇರಿದ ಬಂಡಿ ಊರ ಅಗಸಿಯೊಳಗೆ ನುಗ್ಗುವಾಗ ನೆತ್ತಿಯ ಮೇವು ತರೆದುಹೋಗುವಂತೆ, ಮಿತಿ ಮೀರಿದ ಅಲೆಯ ತುದಿಗಳು ಕತ್ತರಿಸಿಹೋಗುತ್ತವೆ. ಹಾಗೆ ಚಪ್ಪಟೆಯಾದ ಅಲೆಯಲ್ಲಿ ಮೂಲದಲ್ಲಿಲ್ಲದ ಉಪಸ್ವರಗಳು ಹುಟ್ಟುತ್ತವೆ. ಹಳೆಯ ರೇಡಿಯೋಗಳಲ್ಲಿದ್ದಂಥ ವಾಲ್ವುಗಳು ಈ ತುದಿಗಳನ್ನು ಮೆಲ್ಲಗೆ ದುಂಡಾಗಿಸುತ್ತವೆ. ಟ್ರಾನ್ಸಿಸ್ಟರುಗಳು ಸಾಮಾನ್ಯವಾಗಿ ಒಮ್ಮೆಗೇ ಕತ್ತರಿಸುತ್ತವೆ. ಮೊದಲನೆಯದರ ದನಿ ಬೆಚ್ಚಗೆ, ಎರಡನೆಯದರದು ಒರಟು.

ಈ ದನಿ ಮೊದಮೊದಲು ಅಪಘಾತದಿಂದಲೇ ಬಂದದ್ದು. ಅಮೆರಿಕದಲ್ಲಿ 1961ರಲ್ಲಿ ಹೊರಬಂದ ಮಾರ್ಟಿ ರಾಬಿನ್ಸ್ ಅವರ ಹಾಡೊಂದರಲ್ಲಿ ಧ್ವನಿಮುದ್ರಣ ಸಾಧನದ ದೋಷದಿಂದಾಗಿ ಬಾಸ್ ಗಿಟಾರು ಗುಂಯ್‌ಗುಟ್ಟಿತು. ಜನ ಅದನ್ನು ಮೆಚ್ಚಿದರು. ಮರುವರ್ಷವೇ ಆ ದೋಷವನ್ನು ಬೇಕೆಂದೇ ಉಂಟುಮಾಡುವ ಮಾಯೆಸ್ಟ್ರೋ ಫಝ್‌ಟೋನ್ ಎಂಬ ಪೆಡಲು ಮಾರಾಟಕ್ಕೆ ಬಂದಿತು. 1964ರಲ್ಲಿ ಇಂಗ್ಲೆಂಡಿನ ಕಿಂಕ್ಸ್ ತಂಡದ ಡೇವ್ ಡೇವೀಸ್ ತಮ್ಮ ಧ್ವನಿವರ್ಧಕದ ಕಾಗದದ ಶಂಕುವನ್ನೇ ಬ್ಲೇಡಿನಿಂದ ಸೀಳಿ ಬೇಕಾದ ದನಿಯನ್ನು ಪಡೆದರು.

ಪೆಡಲೆಂದರೆ ನಾಟಕ ಕಂಪನಿಗಳ ಕಾಲ್ಪೆಟ್ಟಿಗೆಯಂತೆ ಗಾಳಿ ತುಂಬುವ ಸಾಧನವಲ್ಲ. ಕಾಲಿನಿಂದ ಒತ್ತಿ ಚಾಲೂ ಮಾಡುವ ಸಣ್ಣ ವಿದ್ಯುತ್ ಪೆಟ್ಟಿಗೆ. ಇದರಲ್ಲಿ ಸ್ಥೂಲವಾಗಿ ಮೂರು ಬಗೆ. ಓವರ್‌ಡ್ರೈವ್ ಎಂಬುದು ಅಲೆಯನ್ನು ಮೃದುವಾಗಿ ಸವರುತ್ತದೆ. ಬೆರಳಿನ ಬಲ ಕಡಿಮೆಯಾದರೆ ದನಿ ತಿಳಿಯಾಗುತ್ತದೆ. 1979ರ ಸುಮಾರಿಗೆ ಬಂದ ಐಬನೆಜ್ ಟ್ಯೂಬ್ ಸ್ಕ್ರೀಮರ್ ಈ ಜಾತಿಯದು. ಅದು ಮಂದ್ರವನ್ನು ತಗ್ಗಿಸಿ ನಡುವಣ ಸ್ವರಗಳನ್ನು ಮುಂದಕ್ಕೆ ತರುತ್ತದೆ. ಡಿಸ್ಟಾರ್ಷನ್ ಹೆಚ್ಚು ಕಠಿಣ. 1978ರ ಬಾಸ್ ಡಿಎಸ್-1 ಇದಕ್ಕೆ ಪ್ರಸಿದ್ಧ ಉದಾಹರಣೆ. ಫಝ್ ಎಂಬುದು ಅಲೆಯನ್ನು ಬಹುಮಟ್ಟಿಗೆ ಚೌಕಾಕಾರವಾಗಿಸಿ ಜೇನುಹುಳುಗಳ ಗುಂಪಿನಂತೆ ಮೊರೆಯುತ್ತದೆ.

ಮೊದಲು ಆರಿಸಬೇಕಾದದ್ದು ಪೆಡಲನ್ನಲ್ಲ, ಆಂಪ್ಲಿಫೈಯರನ್ನು. ಪೆಡಲು ಮಾಡಿದ್ದನ್ನೆಲ್ಲ ಕೊನೆಗೆ ನುಡಿಯುವುದು ಆಂಪ್ಲಿಫೈಯರಿನ ಧ್ವನಿವರ್ಧಕ. ಗಿಟಾರಿನ ಧ್ವನಿವರ್ಧಕವು ಸೆಕೆಂಡಿಗೆ ಸುಮಾರು ಐದಾರು ಸಾವಿರಕ್ಕೆ ಮೀರಿದ ಕಂಪನಗಳನ್ನು ಅಷ್ಟಾಗಿ ಹೊರಡಿಸುವುದಿಲ್ಲ. ಕರ್ಕಶವಾದದ್ದು ಅಲ್ಲಿಯೇ ಸೋಸಿಹೋಗುತ್ತದೆ. ಪೆಡಲನ್ನು ನೇರವಾಗಿ ಸಭಾಂಗಣದ ಧ್ವನಿವರ್ಧಕಕ್ಕೆ ಜೋಡಿಸಿದಾಗ ಕಿವಿ ಕೀಸುವ ದನಿ ಬರುವುದು ಈ ಸೋಸುವಿಕೆ ಇಲ್ಲದ್ದರಿಂದ. ವ್ಯಾಟುಗಳ ಸಂಖ್ಯೆಗೂ ಮರುಳಾಗಬಾರದು. ನೂರು ವ್ಯಾಟಿನದು ಹತ್ತು ವ್ಯಾಟಿನದಕ್ಕಿಂತ ಹತ್ತು ಪಟ್ಟು ಗಟ್ಟಿಯಾಗಿ ಕೇಳುವುದಿಲ್ಲ. ಸುಮಾರು ಎರಡು ಪಟ್ಟು ಮಾತ್ರ. ಮನೆಯ ಕೋಣೆಯಲ್ಲಿ ದೊಡ್ಡ ವಾಲ್ವ್ ಆಂಪ್ಲಿಫೈಯರು ತನ್ನ ಮಿತಿಯನ್ನು ಮುಟ್ಟುವ ಮೊದಲೇ ನೆರೆಯವರು ಬಾಗಿಲಿಗೆ ಬಂದಿರುತ್ತಾರೆ. ಅಂಥಲ್ಲಿ ಸಣ್ಣ, ತಿಳಿಯಾದ ದನಿಯ ಆಂಪ್ಲಿಫೈಯರೂ ಒಂದು ಓವರ್‌ಡ್ರೈವ್ ಪೆಡಲೂ ಸಾಕು. ಮನೆಯ ವಿದ್ಯುತ್ ಸಂಪರ್ಕಕ್ಕೆ ಸರಿಯಾದ ಅರ್ಥಿಂಗ್ ಇರಲೇಬೇಕು. ಇದು ಜೀವಕ್ಕೆ ಸಂಬಂಧಿಸಿದ ಮಾತು. ಗಿಟಾರಿನ ಗುಂಯ್‌ಗುಡುವಿಕೆ ಕಡಿಮೆಯಾಗುವುದಕ್ಕೂ ಅದು ಸಹಕಾರಿ.

ಅಂಗಡಿಯಲ್ಲಿ ಪರೀಕ್ಷಿಸುವಾಗ ಎರಡು ಸಾಧನಗಳನ್ನು ಒಂದೇ ಗಟ್ಟಿತನದಲ್ಲಿ ಕೇಳಬೇಕು. ಗಟ್ಟಿಯಾದದ್ದೇ ಚೆನ್ನಾದದ್ದೆಂದು ಕಿವಿ ಮೋಸಹೋಗುತ್ತದೆ. ಬಳಿಕ ಷಡ್ಜ ಪಂಚಮಗಳನ್ನು ಕೂಡಿಸಿ ನುಡಿಸಿ ನೋಡಬೇಕು. ಷಡ್ಜಕ್ಕೆ 200 ಕಂಪನಗಳಾದರೆ ಪಂಚಮಕ್ಕೆ 300. ಕತ್ತರಿಸಿದ ಅಲೆಯಲ್ಲಿ ಇವೆರಡರ ವ್ಯತ್ಯಾಸವಾದ 100 ಹಾಗೂ ಮೊತ್ತವಾದ 500 ಕೂಡ ಹುಟ್ಟುತ್ತವೆ. 100 ಎಂಬುದು ಕೆಳಗಿನ ಸ್ಥಾಯಿಯ ಷಡ್ಜ. 500 ಎಂಬುದು ಮೇಲಿನ ಸ್ಥಾಯಿಯ ಶುದ್ಧ ಗಾಂಧಾರ. ಚೆನ್ನಾಗಿ ಶ್ರುತಿಗೊಂಡ ತಂಬೂರಿಯಲ್ಲಿ ಯಾರೂ ಮೀಟದೆಯೇ ಕೇಳಿಬರುವ ಗಾಂಧಾರವೂ ಇದೇ! ರಾಕ್ ವಾದಕರು ಒಡಕು ದನಿಯಲ್ಲಿ ಷಡ್ಜ ಪಂಚಮಗಳ ಜೋಡಿಗೆ ಅಷ್ಟಾಗಿ ಒಲಿದಿರುವುದು ಇದಕ್ಕಾಗಿ. ಗಾಂಧಾರವನ್ನೂ ಜೊತೆಗೆ ಮೀಟಿದರೆ, ಗಿಟಾರಿನ ಮೆಟ್ಟುಗಳಲ್ಲಿ ಅದು ತುಸು ಏರಿರುವುದರಿಂದ, ದನಿ ಕಲಕಿದ ನೀರಾಗುತ್ತದೆ. ಅಷ್ಟರಲ್ಲೂ ಸ್ವರಗಳು ಬಿಡಿಬಿಡಿಯಾಗಿ ಕೇಳಿದರೆ ಆ ಸಾಧನ ಕೊಳ್ಳತಕ್ಕದ್ದು.

ಬೆಂಗಳೂರಿನ ಅರಮನೆ ಮೈದಾನದಲ್ಲಿ 2011ರ ಅಕ್ಟೋಬರ್ 30ರಂದು ಮೆಟಾಲಿಕಾ ತಂಡ ನುಡಿಸಿದಾಗ ನೆರೆದ ತರುಣರು ಕೇಳಿದ್ದು ಬರಿಯ ಗದ್ದಲವೆಂದು ತಳ್ಳಿಹಾಕುವುದು ಸುಲಭ. ಜಾತ್ರೆಯ ಧ್ವನಿವರ್ಧಕ ಒಡೆದು ಅರಚುವಾಗಲೂ ಅಲೆ ಕತ್ತರಿಸಿಯೇ ಇರುತ್ತದೆ. ಅಲ್ಲಿ ಅದನ್ನು ಆರಿಸಿದವರು ಯಾರೂ ಇಲ್ಲ. ಗಿಟಾರು ನುಡಿಸುವವನು ಅದನ್ನು ಆರಿಸಿ, ಅಳೆದು, ಬೆರಳಿನ ಬಲದಿಂದ ಹಿಡಿತದಲ್ಲಿಡುತ್ತಾನೆ. ಗಂಗೂಬಾಯಿ ಹಾನಗಲ್ಲರ ದನಿ ಗಂಟಲಿನ ಶಸ್ತ್ರಚಿಕಿತ್ಸೆಯ ಬಳಿಕ ಭಾರವಾದಾಗ ಅದನ್ನು ನಮ್ಮ ನಾಡು ಒಪ್ಪಿಕೊಂಡಿತು, ಗೌರವಿಸಿತು. ನೂಲಿನ ಎಳೆಯಿಂದ ಜವಾರಿಯನ್ನು ಹದಗೊಳಿಸಬಲ್ಲ ಕಿವಿ ನಮ್ಮಲ್ಲಿದೆ. ಮಗ ಪೆಡಲು ಬೇಕೆಂದಾಗ ಹಿರಿಯರು ಅವನೊಡನೆ ಅಂಗಡಿಗೆ ಹೋಗಿ, ಆ ಕಿವಿಯನ್ನೊಮ್ಮೆ ಅವನಿಗೆ ಕಡವಾಗಿ ಕೊಡಬಹುದು.