ಆಟಿಕೆಯ ಸೀಸ, ಪ್ರಯೋಗಾಲಯದ ಕಡತ

ಅಮೆರಿಕದ ಗ್ರಾಹಕ ಉತ್ಪನ್ನ ಸುರಕ್ಷತಾ ಆಯೋಗವು ಆ ದೇಶದ ಸರ್ಕಾರಿ ಗೆಜೆಟ್ ಆಗಿರುವ ಫೆಡರಲ್ ರಿಜಿಸ್ಟರಿನಲ್ಲಿ ಕೆಲವು ವರ್ಷಗಳಿಗೊಮ್ಮೆ ಒಂದು ನೀರಸವಾದ ಪ್ರಕಟಣೆಯನ್ನು ಹೊರಡಿಸುತ್ತದೆ. ಮಕ್ಕಳ ಸಾಮಗ್ರಿಗಳನ್ನು ಪರೀಕ್ಷಿಸುವ ಸ್ವತಂತ್ರ ಪ್ರಯೋಗಾಲಯಗಳಿಂದ ಆಯೋಗವು ಯಾವ ಯಾವ ಕಾಗದಪತ್ರಗಳನ್ನು ಕೇಳುತ್ತದೆ, ಅವುಗಳನ್ನು ಸಿದ್ಧಪಡಿಸುವುದಕ್ಕೆ ಎಷ್ಟು ಗಂಟೆಗಳ ದುಡಿಮೆ ಬೇಕಾಗುತ್ತದೆ ಎಂಬ ಲೆಕ್ಕವನ್ನು ಕೊಟ್ಟು, ಈ ಹೊರೆ ನ್ಯಾಯವಾದುದೇ ಎಂದು ಸಾರ್ವಜನಿಕರನ್ನು ಕೇಳುವುದು ಅದರ ಉದ್ದೇಶ. 1980ರಲ್ಲಿ ಜಾರಿಗೆ ಬಂದು 1995ರಲ್ಲಿ ಪರಿಷ್ಕೃತವಾದ ಕಾಗದಪತ್ರ ಕಡಿತ ಕಾಯ್ದೆಯ ಪ್ರಕಾರ, ಯಾವುದೇ ಸಂಯುಕ್ತ ಸರ್ಕಾರಿ ಸಂಸ್ಥೆಯು ಹತ್ತು ಅಥವಾ ಅದಕ್ಕಿಂತ ಹೆಚ್ಚು ಮಂದಿಯಿಂದ ಒಂದೇ ಬಗೆಯ ಮಾಹಿತಿಯನ್ನು ಕೇಳಬೇಕಾದರೆ ಶ್ವೇತಭವನದ ಆಯವ್ಯಯ ಕಚೇರಿಯ ಅನುಮತಿ ಪಡೆಯಬೇಕು. ಆ ಅನುಮತಿಯ ಆಯಸ್ಸು ಹೆಚ್ಚೆಂದರೆ ಮೂರು ವರ್ಷ. ಅನುಮತಿಯ ಸಂಖ್ಯೆಯಿಲ್ಲದ ನಮೂನೆಯನ್ನು ತುಂಬಿಕೊಡದವರನ್ನು ಶಿಕ್ಷಿಸುವಂತಿಲ್ಲ. ಕಾಗದ ಕೇಳುವುದಕ್ಕೂ ಕಾಗದ ಬರೆಯಬೇಕಾದ ಈ ಏರ್ಪಾಡನ್ನು ಕಂಡು ನಗುವವರು ನಗಬಹುದು. ಆದರೆ ಆ ಪ್ರಕಟಣೆಯಲ್ಲಿ ಪಟ್ಟಿಯಾಗುವ ಕಾಗದಗಳ ಹಿಂದೆ ಅಳತೆಯ ವಿಜ್ಞಾನದ ಒಂದು ಗಟ್ಟಿ ಪ್ರಶ್ನೆಯಿದೆ: ಪ್ರಯೋಗಾಲಯವೊಂದು ಹೇಳುವ ಅಂಕಿಯನ್ನು ಅಲ್ಲಿ ಇಲ್ಲದವರು ಯಾವ ಆಧಾರದ ಮೇಲೆ ನಂಬಬೇಕು?

ಈ ಕಾಗದಗಳು ಹುಟ್ಟಿದ್ದು ಸೀಸದಿಂದ. 2006ರ ಫೆಬ್ರುವರಿಯಲ್ಲಿ ಮಿನೆಸೊಟಾ ರಾಜ್ಯದಲ್ಲಿ ನಾಲ್ಕು ವರ್ಷದ ಬಾಲಕನೊಬ್ಬ ಹೃದಯಾಕಾರದ ಒಂದು ಪುಟ್ಟ ಲೋಹದ ಪದಕವನ್ನು ನುಂಗಿ ಸತ್ತನು. ಪಾದರಕ್ಷೆಯ ಜೊತೆಯಲ್ಲಿ ಉಚಿತವಾಗಿ ಬಂದಿದ್ದ ಕೈಸರಪಳಿಯ ಆ ಪದಕ ಬಹುಪಾಲು ಶುದ್ಧ ಸೀಸವೇ ಆಗಿತ್ತು. ಮರುವರ್ಷ, 2007ರ ಜೂನ್‌ನಲ್ಲಿ, ಥಾಮಸ್ ಎಂಬ ಹೆಸರಿನ ಮರದ ರೈಲುಬಂಡಿಗಳನ್ನು ಸುಮಾರು 15 ಲಕ್ಷ ಸಂಖ್ಯೆಯಲ್ಲಿ ಅಂಗಡಿಗಳಿಂದಲೂ ಮನೆಗಳಿಂದಲೂ ಹಿಂದಕ್ಕೆ ಕರೆಸಲಾಯಿತು; ಆಗಸ್ಟ್‌ನಲ್ಲಿ ಮ್ಯಾಟೆಲ್ ಕಂಪನಿಯು ಒಂಬತ್ತು ಲಕ್ಷಕ್ಕೂ ಹೆಚ್ಚು ಆಟಿಕೆಗಳನ್ನು ಅದೇ ಕಾರಣಕ್ಕೆ, ಅಂದರೆ ಬಣ್ಣದಲ್ಲಿ ಸೀಸವಿದೆಯೆಂಬ ಕಾರಣಕ್ಕೆ, ವಾಪಸು ಪಡೆಯಿತು. ಗಮನಿಸಬೇಕಾದ ಸಂಗತಿಯೆಂದರೆ, ಬಣ್ಣದಲ್ಲಿ ಸೀಸ ಎಷ್ಟಿರಬಹುದೆಂಬ ಮಿತಿ ಅಮೆರಿಕದಲ್ಲಿ 1978ರಿಂದಲೂ ಜಾರಿಯಲ್ಲಿತ್ತು. ದಶಲಕ್ಷದಲ್ಲಿ 600 ಭಾಗ ಎಂಬ ಆ ಮಿತಿಯನ್ನು ಆಟಿಕೆಗಳು ಮೀರಿದ್ದವು. ನಿಯಮ ಇತ್ತು, ಮಿತಿ ಇತ್ತು. ಸಾಗರದಾಚೆಯ ಕಾರ್ಖಾನೆಯಿಂದ ಹೊರಟ ಪೆಟ್ಟಿಗೆಯೊಳಗಿನ ಬಣ್ಣವನ್ನು ಅಂಗಡಿಗೆ ಬರುವ ಮೊದಲೇ ಅಳೆದು ನೋಡಬೇಕೆಂಬ ಕಟ್ಟುಪಾಡು ಮಾತ್ರ ಇರಲಿಲ್ಲ. ಸುಮಾರು 400 ಸಿಬ್ಬಂದಿಯ ಆಯೋಗಕ್ಕೆ ಅದನ್ನೆಲ್ಲ ತಾನೇ ಅಳೆಯುವ ಶಕ್ತಿಯೂ ಇರಲಿಲ್ಲ.

2008ರ ಆಗಸ್ಟ್ 14ರಂದು ಅಧ್ಯಕ್ಷ ಜಾರ್ಜ್ ಡಬ್ಲ್ಯು. ಬುಷ್ ಸಹಿ ಹಾಕಿದ ಗ್ರಾಹಕ ಉತ್ಪನ್ನ ಸುರಕ್ಷತಾ ಸುಧಾರಣಾ ಕಾಯ್ದೆಯು ಮಿತಿಯನ್ನು ಬಿಗಿ ಮಾಡಿತು. ಬಣ್ಣದಲ್ಲಿ ದಶಲಕ್ಷಕ್ಕೆ 90 ಭಾಗ, ವಸ್ತುವಿನ ಒಡಲಲ್ಲಿ ಹಂತಹಂತವಾಗಿ ಇಳಿದು 2011ರ ವೇಳೆಗೆ 100 ಭಾಗ. ಅದಕ್ಕಿಂತ ಮುಖ್ಯವಾಗಿ, 12 ವರ್ಷ ಮತ್ತು ಅದಕ್ಕಿಂತ ಕಡಿಮೆ ವಯಸ್ಸಿನವರಿಗಾಗಿ ತಯಾರಾಗುವ ವಸ್ತುಗಳನ್ನು ಮಾರುವವನೂ ಕೊಳ್ಳುವವನೂ ಅಲ್ಲದ ಮೂರನೆಯವನೊಬ್ಬನು ಪರೀಕ್ಷಿಸಬೇಕೆಂದೂ, ಆ ಮೂರನೆಯವನಿಗೆ ಆಯೋಗದ ಒಪ್ಪಿಗೆ ಇರಬೇಕೆಂದೂ ವಿಧಿಸಿತು. ಒಪ್ಪಿಗೆ ಬಯಸುವ ಪ್ರಯೋಗಾಲಯ ಚೀನಾದಲ್ಲಿರಲಿ, ಭಾರತದಲ್ಲಿರಲಿ, 223 ಎಂಬ ಸಂಖ್ಯೆಯ ನಮೂನೆಯನ್ನು ತುಂಬಿ, ತನ್ನ ಮಾನ್ಯತಾ ಪ್ರಮಾಣಪತ್ರವನ್ನೂ ಆ ಮಾನ್ಯತೆಯ ವ್ಯಾಪ್ತಿಯ ಪಟ್ಟಿಯನ್ನೂ ಲಗತ್ತಿಸಬೇಕು. ಒಂದೇ ಸಂಸ್ಥೆಗೆ ನಾಲ್ಕು ಊರುಗಳಲ್ಲಿ ಪ್ರಯೋಗಾಲಯಗಳಿದ್ದರೆ ನಾಲ್ಕೂ ಪ್ರತ್ಯೇಕವಾಗಿ ಅರ್ಜಿ ಹಾಕಬೇಕು, ಏಕೆಂದರೆ ಮಾನ್ಯತೆ ಸಿಗುವುದು ಹೆಸರಿಗಲ್ಲ, ಉಪಕರಣವೂ ಅದನ್ನು ನಡೆಸುವ ಕೈಯೂ ಇರುವ ಜಾಗಕ್ಕೆ.

ಇಲ್ಲಿ ಮಾನ್ಯತೆ ಎಂದರೆ, ನಿರ್ದಿಷ್ಟ ಪರೀಕ್ಷೆಯೊಂದನ್ನು ಸರಿಯಾಗಿ ಮಾಡುವ ಸಾಮರ್ಥ್ಯ ಒಂದು ಪ್ರಯೋಗಾಲಯಕ್ಕಿದೆ ಎಂದು ಅಧಿಕೃತ ಸಂಸ್ಥೆಯೊಂದು ಸ್ಥಳಕ್ಕೆ ಬಂದು ನೋಡಿ ಕೊಡುವ ಸಾಕ್ಷ್ಯ. ಈ ಪದ್ಧತಿಯ ಮೂಲವನ್ನು ಹುಡುಕಿದರೆ ಆಟಿಕೆಯ ಬದಲು ಮದ್ದುಗುಂಡು ಸಿಗುತ್ತದೆ. ಎರಡನೆಯ ಮಹಾಯುದ್ಧದಲ್ಲಿ ಆಸ್ಟ್ರೇಲಿಯವು ತಾನು ತಯಾರಿಸಿದ ಯುದ್ಧಸಾಮಗ್ರಿಯ ಗುಣಮಟ್ಟವನ್ನು ದೃಢಪಡಿಸಬಲ್ಲ ಪರೀಕ್ಷಾ ವ್ಯವಸ್ಥೆಯಿಲ್ಲದೆ ತೊಳಲಿತು. ಆ ಪೇಚಾಟದ ಫಲವಾಗಿ 1947ರಲ್ಲಿ ಹುಟ್ಟಿದ ನಾಟಾ ಎಂಬ ರಾಷ್ಟ್ರೀಯ ಸಂಘವೇ ಪ್ರಯೋಗಾಲಯಗಳಿಗೆ ಮಾನ್ಯತೆ ಕೊಡುವ ಜಗತ್ತಿನ ಮೊದಲ ಸಂಸ್ಥೆ. ಮೂವತ್ತು ವರ್ಷಗಳ ನಂತರ, 1977ರಲ್ಲಿ, ಹಲವು ದೇಶಗಳವರು ಕೋಪನ್‌ಹೇಗನ್‌ನಲ್ಲಿ ಸೇರಿ ಐಲ್ಯಾಕ್ ಎಂಬ ಅಂತರರಾಷ್ಟ್ರೀಯ ವೇದಿಕೆಗೆ ನಾಂದಿ ಹಾಡಿದರು. 2000ದ ನವೆಂಬರ್‌ನಲ್ಲಿ ವಾಷಿಂಗ್ಟನ್‌ನಲ್ಲಿ ಆದ ಪರಸ್ಪರ ಅಂಗೀಕಾರದ ಒಪ್ಪಂದದಿಂದಾಗಿ, ಒಂದು ದೇಶದ ಮಾನ್ಯತಾ ಸಂಸ್ಥೆ ಒಪ್ಪಿದ ಪ್ರಯೋಗಾಲಯವನ್ನು ಇನ್ನೊಂದು ದೇಶವೂ ಒಪ್ಪುವ ಹಾದಿ ತೆರೆಯಿತು. ಭಾರತದ ಮಾನ್ಯತಾ ಸಂಸ್ಥೆಯಾದ ಎನ್‌ಎಬಿಎಲ್ ಕೂಡ ಅದಕ್ಕೆ ಸಹಿ ಹಾಕಿದೆ. ಅಮೆರಿಕದ ಆಯೋಗವು ತಾನೇ ಜಗತ್ತನ್ನೆಲ್ಲ ಸುತ್ತಿ ತಪಾಸಣೆ ಮಾಡುವ ಗೋಜಿಗೆ ಹೋಗದೆ ಈ ಒಪ್ಪಂದದ ಮೇಲೆಯೇ ಭಾರ ಹಾಕಿತು. ಸಣ್ಣ ಸಂಸ್ಥೆಗೆ ಅದು ಜಾಣತನದ ನಡೆಯೇ ಸರಿ.

ಮಾನ್ಯತೆಯ ಒರೆಗಲ್ಲು ಐಎಸ್‌ಒ/ಐಇಸಿ 17025 ಎಂಬ ಮಾನಕ. 1999ರಲ್ಲಿ ಮೊದಲು ಪ್ರಕಟವಾಗಿ, 2005ರಲ್ಲಿಯೂ 2017ರಲ್ಲಿಯೂ ಪರಿಷ್ಕಾರ ಕಂಡ ಈ ಮಾನಕವನ್ನು ಓದಿದವರಿಗೆ ಮೊದಲು ಕಣ್ಣಿಗೆ ಬೀಳುವುದು ದಾಖಲೆ, ದಾಖಲೆ, ಮತ್ತೆ ದಾಖಲೆ. ಉಪಕರಣದ ಮಾಪನಾಂಕನ ಪತ್ರ, ಸಿಬ್ಬಂದಿಯ ತರಬೇತಿಯ ವಿವರ, ಮಾದರಿ ಒಳಗೆ ಬಂದ ಹೊತ್ತು, ಲೆಕ್ಕ ಮಾಡಿದವರ ಸಹಿ, ದೂರು ಬಂದರೆ ಅದನ್ನು ಇತ್ಯರ್ಥ ಮಾಡಿದ ಬಗೆ, ಹೀಗೆ ಎಲ್ಲವೂ ಬರಹದಲ್ಲಿರಬೇಕು. ಇದೇಕೆಂಬುದನ್ನು ತಿಳಿಯಲು ಸಂತೆಯ ತಕ್ಕಡಿಯಷ್ಟು ಒಳ್ಳೆಯ ಸಾಧನ ಬೇರೆ ಇಲ್ಲ. ಸಂತೆಯಲ್ಲಿ ಈರುಳ್ಳಿ ಕೊಳ್ಳುವವನು ಒಂದು ಕಿಲೋ ಬಟ್ಟಿನ ಮೇಲಿರುವ ಮುದ್ರೆಯನ್ನು ನಂಬುತ್ತಾನೆ. ಆ ಮುದ್ರೆಯನ್ನು ಒತ್ತಿದ ಕಾನೂನು ಮಾಪನ ಇಲಾಖೆಯ ನಿರೀಕ್ಷಕನು ಬಟ್ಟನ್ನು ತನ್ನ ಬಳಿಯ ಕಾರ್ಯಮಾನಕದೊಂದಿಗೆ ತೂಗಿ ನೋಡಿರುತ್ತಾನೆ. ಆ ಕಾರ್ಯಮಾನಕವನ್ನು ಅದಕ್ಕಿಂತ ಸೂಕ್ಷ್ಮವಾದ ದ್ವಿತೀಯ ಮಾನಕದೊಂದಿಗೆ, ಅದನ್ನು ಆಧಾರ ಮಾನಕದೊಂದಿಗೆ ಹೋಲಿಸಲಾಗಿರುತ್ತದೆ. ಆ ಸರಣಿಯ ತುದಿಯಲ್ಲಿ ದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯವಿದೆ, ಪ್ಲಾಟಿನಮ್ ಮತ್ತು ಇರಿಡಿಯಮ್ ಮಿಶ್ರಲೋಹದ 57ನೆಯ ಸಂಖ್ಯೆಯ ಕಿಲೋಗ್ರಾಂ ಪ್ರತಿ ಇರುವುದು ಅಲ್ಲಿ. 2019ರ ಮೇ 20ರಿಂದ ಕಿಲೋಗ್ರಾಂ ಎಂಬುದು ಲೋಹದ ತುಂಡಿನ ಹಂಗು ತೊರೆದು ಪ್ಲಾಂಕ್ ಸ್ಥಿರಾಂಕಕ್ಕೆ ಕಟ್ಟುಬಿದ್ದಿರುವುದರಿಂದ ಸರಣಿಯ ಕೊನೆಯ ಕೊಂಡಿ ಬದಲಾಗಿದೆ, ಸರಣಿ ಬದಲಾಗಿಲ್ಲ. ಪ್ರತಿಯೊಂದು ಕೊಂಡಿಯಲ್ಲೂ ಒಂದು ಹೋಲಿಕೆ ನಡೆದಿರುತ್ತದೆ, ಆ ಹೋಲಿಕೆಯಲ್ಲಿ ಎಷ್ಟು ಏರುಪೇರು ಇರಬಹುದೆಂಬ ಅಂದಾಜಿರುತ್ತದೆ, ಮತ್ತು ಅವೆರಡನ್ನೂ ಹೇಳುವ ಒಂದು ಪತ್ರವಿರುತ್ತದೆ. ನಡುವಿನ ಒಂದು ಪತ್ರ ಕಳೆದರೆ ಬಟ್ಟಿನ ತೂಕವೇನೂ ಬದಲಾಗದು, ಆದರೆ ಅದು ಒಂದು ಕಿಲೋ ಎನ್ನುವುದಕ್ಕೆ ಆಧಾರ ಉಳಿಯದು. ಅಳತೆಯನ್ನು ಹೀಗೆ ಮೂಲದವರೆಗೆ ಜಾಡು ಹಿಡಿದು ಹೋಗಲು ಸಾಧ್ಯವಾಗುವ ಗುಣವನ್ನು ಮಾಪನ ತಜ್ಞರು ಟ್ರೇಸಬಿಲಿಟಿ ಎನ್ನುತ್ತಾರೆ.

ಬಣ್ಣದ ಸೀಸವನ್ನು ತಕ್ಕಡಿಯಲ್ಲಿ ತೂಗಲಾಗದು. ಆಟಿಕೆಯಿಂದ ಕೆರೆದು ತೆಗೆದ ಬಣ್ಣದ ಪುಡಿಯನ್ನು ಬಿಸಿ ನೈಟ್ರಿಕ್ ಆಮ್ಲದಲ್ಲಿ ಕರಗಿಸಿ, ಆ ದ್ರಾವಣವನ್ನು ಹಲವು ಸಾವಿರ ಡಿಗ್ರಿ ಬಿಸಿಯ ಆರ್ಗಾನ್ ಪ್ಲಾಸ್ಮಾದೊಳಕ್ಕೆ ತುಂತುರಾಗಿ ಬಿಟ್ಟಾಗ, ಕೆರಳಿದ ಸೀಸದ ಪರಮಾಣುಗಳು 220.353 ನ್ಯಾನೋಮೀಟರ್ ತರಂಗಾಂತರದಲ್ಲಿ ಬೆಳಕು ಸೂಸುತ್ತವೆ; ಆ ಬೆಳಕಿನ ತೀವ್ರತೆಯಿಂದ ಸೀಸದ ಪ್ರಮಾಣ ತಿಳಿಯುತ್ತದೆ. ಉಪಕರಣಕ್ಕೆ ಕಾಣುವುದು ಬೆಳಕು ಮಾತ್ರ. ಅದನ್ನು ದಶಲಕ್ಷಕ್ಕೆ ಇಷ್ಟು ಭಾಗ ಎಂಬ ಅಂಕಿಯಾಗಿ ಪರಿವರ್ತಿಸಲು ಸೀಸದ ಪ್ರಮಾಣ ಮೊದಲೇ ಗೊತ್ತಿರುವ ದ್ರಾವಣಗಳು ಬೇಕು, ಕರಗಿಸುವಾಗ ಸೀಸ ಎಲ್ಲಿಯೂ ಸೋರಿಹೋಗಿಲ್ಲವೆಂದು ತೋರಿಸಲು ಸೀಸದ ಅಂಶ ಖಚಿತವಾಗಿರುವ ಬಣ್ಣದ ಪುಡಿ ಬೇಕು. ಅಂಥ ಪುಡಿಯನ್ನು ಅಮೆರಿಕದ ರಾಷ್ಟ್ರೀಯ ಮಾನಕ ಸಂಸ್ಥೆ ಸೀಸೆಯಲ್ಲಿ ತುಂಬಿ, ಪ್ರಮಾಣಪತ್ರದ ಜೊತೆಗೆ ಮಾರುತ್ತದೆ. ಇಷ್ಟೆಲ್ಲ ಆದ ಮೇಲೂ ಸಿಗುವ ಉತ್ತರಕ್ಕೆ ಒಂದು ಅಂಚು ಇದ್ದೇ ಇರುತ್ತದೆ. ಉದಾಹರಣೆಗೆ, ಫಲಿತಾಂಶ 86 ಎಂದೂ ಅನಿಶ್ಚಿತತೆ ಆಚೀಚೆ 7 ಎಂದೂ ಇದ್ದರೆ, ನಿಜವಾದ ಪ್ರಮಾಣ 79ರಿಂದ 93ರ ನಡುವೆ ಎಲ್ಲಾದರೂ ಇರಬಹುದು, ಮತ್ತು ಕಾನೂನಿನ ಗೆರೆ 90ರಲ್ಲಿದೆ. ಇಂಥ ಸಂದರ್ಭದಲ್ಲಿ ಉತ್ತೀರ್ಣ ಎಂದು ಬರೆಯುವುದಕ್ಕೆ ಯಾವ ನಿಯಮ ಅನುಸರಿಸಲಾಯಿತು ಎಂಬುದನ್ನು ಮೊದಲೇ ಬರೆದಿಟ್ಟಿರಬೇಕೆಂದು 2017ರ ಆವೃತ್ತಿ ಕೇಳುತ್ತದೆ. ಫಲಿತಾಂಶ ಬಂದ ಮೇಲೆ ನಿಯಮ ಹುಡುಕುವ ಚಟಕ್ಕೆ ಇದು ಒಳ್ಳೆಯ ಕಡಿವಾಣ.

ಇನ್ನೊಂದು ಪರೀಕ್ಷೆ ಪ್ರಯೋಗಾಲಯದ ಮೇಲೆಯೇ ನಡೆಯುತ್ತದೆ. ಒಂದೇ ಮಾದರಿಯನ್ನು ಹಲವು ಪ್ರಯೋಗಾಲಯಗಳಿಗೆ ಕಳುಹಿಸಿ, ಅವುಗಳ ಉತ್ತರಗಳನ್ನು ಹೋಲಿಸಿ, ಸರಿಯುತ್ತರದಿಂದ ಯಾರು ಎಷ್ಟು ದೂರ ಎಂದು ಅಂಕ ಕೊಡುವ ಈ ಸ್ಪರ್ಧೆಯಲ್ಲಿ, ಒಪ್ಪಿತ ಹರವಿನ ಎರಡು ಪಟ್ಟಿನೊಳಗೆ ಬಂದವರು ಪಾಸು, ಮೂರು ಪಟ್ಟು ಮೀರಿದವರು ಕಾರಣ ಹುಡುಕಿ ತಿದ್ದಿಕೊಳ್ಳಬೇಕು.

ಆದರೆ ಸಂತೆಯ ಬಟ್ಟಿಗೆ ಎಷ್ಟೇ ಶುದ್ಧವಾದ ವಂಶಾವಳಿಯಿದ್ದರೂ ವ್ಯಾಪಾರಿಯ ಹೆಬ್ಬೆರಳು ತಕ್ಕಡಿಯ ತಟ್ಟೆಯ ಮೇಲಿದ್ದರೆ ತೂಕ ಕೆಡುತ್ತದೆ, ಮತ್ತು ಹೆಬ್ಬೆರಳನ್ನು ಮಾಪನಾಂಕನ ಪತ್ರ ಹಿಡಿಯಲಾರದು. ಆಯೋಗದ ಕಾಗದಗಳಲ್ಲಿ ಹೆಚ್ಚು ಕುತೂಹಲಕರವಾದವು ಈ ಹೆಬ್ಬೆರಳಿಗೆ ಸಂಬಂಧಿಸಿದವು. ಪರೀಕ್ಷೆಗೆ ಒಳಗಾಗುವ ವಸ್ತುವಿನ ತಯಾರಕನಿಗೆ ಪ್ರಯೋಗಾಲಯದಲ್ಲಿ ಶೇ. 10 ಅಥವಾ ಅದಕ್ಕಿಂತ ಹೆಚ್ಚು ಪಾಲಿದ್ದರೆ ಅದನ್ನು ಸ್ವತಂತ್ರವೆಂದು ಗಣಿಸುವುದಿಲ್ಲ; ಅದು ಅಡ್ಡಗೋಡೆಯ ಪ್ರಯೋಗಾಲಯ ಎಂಬ ಬೇರೆ ವರ್ಗಕ್ಕೆ ಸೇರುತ್ತದೆ. ಅಂಥದ್ದು ಒಪ್ಪಿಗೆ ಪಡೆಯಬೇಕಾದರೆ ಮಾಲೀಕರ ಒತ್ತಡದಿಂದ ಫಲಿತಾಂಶವನ್ನು ಕಾಪಾಡುವ ಲಿಖಿತ ನೀತಿ, ಯಾರು ಯಾರಿಗೆ ಉತ್ತರದಾಯಿ ಎಂಬ ನಕ್ಷೆ, ಸಿಬ್ಬಂದಿಗೆ ಆ ಕುರಿತು ತರಬೇತಿಯಾಗಿದೆ ಎಂಬುದಕ್ಕೆ ಅವರ ಸಹಿಯುಳ್ಳ ದಾಖಲೆ, ಒತ್ತಡ ಬಂದರೆ ನೌಕರನು ಗುಟ್ಟಾಗಿ ಆಯೋಗಕ್ಕೇ ತಿಳಿಸಬಹುದೆಂಬ ಭರವಸೆ, ಇವನ್ನೆಲ್ಲ ಸಲ್ಲಿಸಬೇಕು. ಕೊನೆಗೆ ಆಯೋಗದ ಸದಸ್ಯರೇ ಆದೇಶ ಹೊರಡಿಸಿ ಒಪ್ಪಬೇಕು. ಸರ್ಕಾರದ ಒಡೆತನದ ಪ್ರಯೋಗಾಲಯಗಳಿಗೂ ಇಂಥದೇ ಹೆಚ್ಚುವರಿ ಪ್ರಶ್ನೆಗಳಿವೆ. ಈ ನಿಯಮಗಳೆಲ್ಲ 2013ರಲ್ಲಿ ಒಂದೆಡೆ ಸೇರಿ ಅಂತಿಮ ರೂಪ ಪಡೆದವು. ಅವುಗಳ ಪ್ರಕಾರ ಪರೀಕ್ಷೆಯ ದಾಖಲೆಗಳನ್ನು ಕನಿಷ್ಠ 5 ವರ್ಷ ಇಡಬೇಕು, ಆಯೋಗ ಕೇಳಿದರೆ 48 ಗಂಟೆಗಳೊಳಗೆ ತೋರಿಸಬೇಕು, ಪರೀಕ್ಷಾ ವಿಧಾನ ತಪ್ಪಿದ್ದು ಅಥವಾ ಒತ್ತಡಕ್ಕೆ ಮಣಿದದ್ದು ಕಂಡುಬಂದರೆ ಒಪ್ಪಿಗೆ ರದ್ದಾಗಬಹುದು.

ಆದುದರಿಂದ ಮಾನ್ಯತೆ ಪಡೆದ ಪ್ರಯೋಗಾಲಯದಲ್ಲಿ ಪರೀಕ್ಷಿಸಲಾಗಿದೆ ಎಂದು ಜಾಹೀರಾತಿನಲ್ಲಿ ದಪ್ಪಕ್ಷರದಲ್ಲಿ ಬಂದಾಗ ಓದುಗನು ಕೇಳಬೇಕಾದ ಪ್ರಶ್ನೆ ಒಂದುಂಟು: ಯಾವ ಪರೀಕ್ಷೆಗೆ? ಮಾನ್ಯತೆಗೆ ವ್ಯಾಪ್ತಿಯಿದೆ. ಸೀಸ ಅಳೆಯುವುದಕ್ಕೆ ಮಾನ್ಯತೆ ಪಡೆದ ಪ್ರಯೋಗಾಲಯಕ್ಕೆ ಬಟ್ಟೆಯ ಉರಿಯುವ ಗುಣವನ್ನು ಅಳೆಯುವ ಅಧಿಕಾರ ತಾನಾಗಿ ಬರುವುದಿಲ್ಲ, ಮತ್ತು ಜಾಹೀರಾತು ಬರೆಯುವವರು ಈ ವ್ಯತ್ಯಾಸವನ್ನು ಹೇಳಿದ್ದು ಅಪರೂಪ. ಅಲ್ಲದೆ ಪರೀಕ್ಷೆಗೆ ಬಂದದ್ದು ಕೆಲವೇ ಮಾದರಿಗಳು. ಅವುಗಳನ್ನು ಕಳುಹಿಸಿದ್ದು ತಯಾರಕನೇ. ಪರೀಕ್ಷೆಯ ಶುಲ್ಕ ಕೊಟ್ಟದ್ದೂ ಅವನೇ. ಮರುದಿನ ಬೇರೆ ಡಬ್ಬಿಯ ಬಣ್ಣ ಬಳಸಿದರೆ ಆ ಪತ್ರಕ್ಕೆ ಅದರ ಸುಳಿವಿರದು. ಈ ಕಾರಣಕ್ಕಾಗಿಯೇ ತಯಾರಿಕೆ ಮುಂದುವರಿದಿರುವವರೆಗೆ ಸಾಮಾನ್ಯವಾಗಿ ವರ್ಷಕ್ಕೊಮ್ಮೆಯಾದರೂ ಮರುಪರೀಕ್ಷೆ ಆಗಬೇಕೆಂದೂ, ಕಚ್ಚಾವಸ್ತು ಬದಲಾದರೆ ಮತ್ತೆ ಪರೀಕ್ಷಿಸಬೇಕೆಂದೂ ಅಮೆರಿಕದ ನಿಯಮ ಹೇಳುತ್ತದೆ.

ಈ ನಿಯಮಗಳು ಮರದ ಆಟಿಕೆಗಳ ಊರಾದ ಚನ್ನಪಟ್ಟಣವನ್ನೂ ಮುಟ್ಟುತ್ತವೆ. ಭಾರತ ಸರ್ಕಾರದ ಆಟಿಕೆ ಗುಣಮಟ್ಟ ನಿಯಂತ್ರಣ ಆದೇಶವು 2021ರ ಜನವರಿ 1ರಿಂದ ಜಾರಿಗೆ ಬಂದು ಆಟಿಕೆಗಳಿಗೆ ಭಾರತೀಯ ಮಾನಕ ಬ್ಯೂರೋದ (ಬಿಐಎಸ್) ಗುರುತನ್ನು ಕಡ್ಡಾಯ ಮಾಡಿದಾಗ, ಕರಕುಶಲ ಆಯುಕ್ತರಲ್ಲಿ ನೋಂದಾಯಿಸಿಕೊಂಡ ಕುಶಲಕರ್ಮಿಗಳ ಆಟಿಕೆಗಳಿಗೂ ಭೌಗೋಳಿಕ ಸೂಚಿಯ ರಕ್ಷಣೆಯುಳ್ಳ ಆಟಿಕೆಗಳಿಗೂ ವಿನಾಯಿತಿ ಸಿಕ್ಕಿತು. ಆ ವಿನಾಯಿತಿ ಸಾಗರ ದಾಟುವುದಿಲ್ಲ. ಚನ್ನಪಟ್ಟಣದ ಬುಗುರಿಯೊಂದು ಅಮೆರಿಕಕ್ಕೆ ಹೋಗಬೇಕಾದರೆ ಅಲ್ಲಿನ ಆಮದುದಾರನು ಆಯೋಗ ಒಪ್ಪಿದ ಪ್ರಯೋಗಾಲಯದ ವರದಿಯ ಆಧಾರದ ಮೇಲೆ ಪ್ರಮಾಣಪತ್ರ ಬರೆಯಬೇಕು. ಸಂಸ್ಕರಿಸದ ಮರದಲ್ಲಿ ಮಿತಿ ಮೀರಿದ ಸೀಸ ಇರುವುದಿಲ್ಲವೆಂದು ಆಯೋಗ ಮೊದಲೇ ನಿರ್ಧರಿಸಿರುವುದರಿಂದ ಆಲೆ ಮರದ ಒಡಲಿಗೆ ಸೀಸದ ಪರೀಕ್ಷೆ ಬೇಕಿಲ್ಲ, ಆದರೆ ಅದರ ಮೇಲಿನ ಅರಗಿನ ಬಣ್ಣ ಆ ವಿನಾಯಿತಿಯ ಹೊರಗೆ ಉಳಿಯುತ್ತದೆ. ಸಣ್ಣವರ ಹೊರೆ ಇಳಿಸಲೆಂದು ಇರುವ ಘಟಕ ಪರೀಕ್ಷೆಯ ನಿಯಮ ಇಲ್ಲಿ ನೆರವಿಗೆ ಬರುತ್ತದೆ: ಒಂದು ಬ್ಯಾಚಿನ ಬಣ್ಣವನ್ನು ಒಮ್ಮೆ ಪರೀಕ್ಷಿಸಿದರೆ, ಅದೇ ಬ್ಯಾಚಿನ ಬಣ್ಣ ಹಚ್ಚಿದ ಬುಗುರಿ, ಗಿಲಕಿ, ಬಂಡಿಗಳೆಲ್ಲಕ್ಕೂ ಆ ವರದಿಯನ್ನು ಬಳಸಬಹುದು. 2011ರ ತಿದ್ದುಪಡಿಯು ಒಂದೇ ಬಗೆಯ ವಸ್ತುವನ್ನು ವರ್ಷಕ್ಕೆ 7,500ಕ್ಕಿಂತ ಹೆಚ್ಚು ತಯಾರಿಸದ, ವಹಿವಾಟೂ ನಿಗದಿತ ಮಿತಿಯೊಳಗಿರುವ ತಯಾರಕರು ನೋಂದಾಯಿಸಿಕೊಂಡರೆ ಹಲವು ಪರೀಕ್ಷೆಗಳನ್ನು ಮೂರನೆಯವರ ಪ್ರಯೋಗಾಲಯದಲ್ಲಿ ಮಾಡಿಸದೆಯೂ ನಡೆಯುತ್ತದೆ ಎಂದು ಇನ್ನಷ್ಟು ಸಡಿಲಿಸಿತು. ಆ ಸಡಿಲಿಕೆಗೆ ಒಳಪಡದೆ ಉಳಿದ ಕೆಲವೇ ಪರೀಕ್ಷೆಗಳ ಪಟ್ಟಿಯಲ್ಲಿ ಬಣ್ಣದ ಸೀಸದ್ದೂ ಒಂದು.