ಆಪರೇಷನ್ ಥಿಯೇಟರ್‌ನ ಇಂಜೆಕ್ಷನ್ ಜಿಮ್‌ಗೆ ಬಂದದ್ದು ಹೇಗೆ?

ಮೆಫೆಂಟರ್ಮೈನ್. ನಮಗೆ ಈ ಹೆಸರು ಹೊಸದಿರಬಹುದು, ಅರಿವಳಿಕೆ ವೈದ್ಯರಿಗೆ ಹಳೆಯ ಪರಿಚಯ. ಸಿಸೇರಿಯನ್‌ಗೆ ಬೆನ್ನಿಗೆ ಅರಿವಳಿಕೆ ಕೊಟ್ಟಾಗ ತಾಯಿಯ ಬಿಪಿ ದಿಢೀರ್ ಕುಸಿಯುವುದುಂಟು. ಆಗ ಕೆಲವೇ ಮಿಲಿಗ್ರಾಂ ಮೆಫೆಂಟರ್ಮೈನ್ ಕೊಟ್ಟು ಬಿಪಿ ಏರಿಸುತ್ತಾರೆ.

ಇದು ಕೆಲಸ ಮಾಡೋದು ಹೇಗೆ? ನರಗಳ ತುದಿಯಲ್ಲಿ ಶೇಖರವಾಗಿರುವ ನಾರ್‌ಅಡ್ರಿನಲಿನ್ ಅನ್ನು ಹೊರಗೆ ತಳ್ಳುತ್ತದೆ. ಹೃದಯ ಜೋರಾಗಿ ರಕ್ತ ಪಂಪ್ ಮಾಡುತ್ತದೆ. ರಾಸಾಯನಿಕ ರಚನೆಯಲ್ಲಿ ಇದು ಮೆಥಾಂಫೆಟಮೈನ್‌ನ ಹತ್ತಿರದ ನೆಂಟ. ಒಂದು ಮೀಥೈಲ್ ಗುಂಪು ಹೆಚ್ಚಿದೆ, ಅಷ್ಟೇ.

ದೇಶದ ಕೆಲವು ಜಿಮ್‌ಗಳಿಗೆ ಇದು ನುಸುಳಿದ್ದೂ ಈ ನೆಂಟಸ್ತಿಕೆಯಿಂದಲೇ. ಚುಚ್ಚಿಕೊಂಡರೆ ದಣಿವು ಗೊತ್ತಾಗಲ್ಲ. ಆದರೆ ಸ್ನಾಯು ಬೆಳೆಸುವ ಗುಣ ಇದಕ್ಕಿಲ್ಲ. 'ಸಾಕು' ಅನ್ನುವ ದೇಹದ ಬಾಯಿ ಮುಚ್ಚಿಸುತ್ತದೆ, ಅಷ್ಟೇ. ಚಟ, ಭ್ರಮೆ, ವಿಪರೀತ ಸಂಶಯ ಕಾಣಿಸಿಕೊಂಡ ಪ್ರಕರಣಗಳನ್ನು ಭಾರತದ ಮನೋವೈದ್ಯರು ದಾಖಲಿಸಿದ್ದಾರೆ. ವಾಡಾ ನಿಷೇಧಿತ ಪಟ್ಟಿಯಲ್ಲೂ ಇದೆ.

ಹಾಗಂತ ಪೂರ್ತಿ ಬ್ಯಾನ್ ಮಾಡಿದರೆ ಪೆಟ್ಟು ಬೀಳೋದು ಆಪರೇಷನ್ ಟೇಬಲ್ ಮೇಲಿರುವ ರೋಗಿಗೆ. ಚುಚ್ಚಿಕೊಂಡ ಹುಡುಗನನ್ನು ಹಿಡಿಯೋದು ಸುಲಭ. ಆಸ್ಪತ್ರೆ ಸೇರಬೇಕಾದ ಔಷಧವನ್ನು ಚೀಟಿಯಿಲ್ಲದೆ, ಬಿಲ್ಲಿಲ್ಲದೆ ಮಾರಿದವರು ಯಾರು? ಸರ್ಕಾರವನ್ನು ನಾವು ಕೇಳಬೇಕಿರುವ ಲೆಕ್ಕ ಅದು.