ತೂಕದ ಯಂತ್ರಕ್ಕೆ ಕಾಣದ ಕೊಬ್ಬು

ಕಬ್ಬು ಕಡಿಯುವವರಿಗೆ, ಬನಹಟ್ಟಿಯಲ್ಲಿ ಮಗ್ಗ ನಡೆಸುವವರಿಗೆ ಬೊಜ್ಜಿನ ಮಾತೇಕೆ, ಅದು ಕುಳಿತು ಉಣ್ಣುವವರ ಕಾಯಿಲೆಯಲ್ಲವೇ ಎಂದು ಮುಧೋಳ ಸೀಮೆಯಲ್ಲಿ ಯಾರಾದರೂ ಕೇಳಿದರೆ ತಪ್ಪಿಲ್ಲ. ಮೈಮುರಿದು ದುಡಿಯುವವರ ತೂಕ ಏರುವುದು ಕಡಿಮೆಯೇ. ಆದರೆ ಕೊಬ್ಬು ಎಷ್ಟಿದೆ ಎಂಬುದಕ್ಕಿಂತ ಎಲ್ಲಿದೆ ಎಂಬುದು ಮುಖ್ಯ. ಕೈಕಾಲು ಸಣ್ಣಗಿದ್ದು ಹೊಟ್ಟೆಯಷ್ಟೇ ಮುಂದೆ ಬಂದವರನ್ನು ‘ಸಣಕಲ, ಅವಗೆಲ್ಲಿ ಸಕ್ರಿ ಬ್ಯಾನಿ’ ಎಂದು ಬಿಟ್ಟುಬಿಡುವುದರಲ್ಲೇ ಅಪಾಯವಿದೆ.

ಕೊಬ್ಬು ನಮ್ಮ ಶತ್ರುವಲ್ಲ. ಹೆಣ್ಣುಮಕ್ಕಳ ಮುಟ್ಟು ಕ್ರಮವಾಗಿರಲು, ಬಸಿರು ನಿಲ್ಲಲು ಅದು ಬೇಕೇಬೇಕು. 1994ರಲ್ಲಿ ಅಮೆರಿಕದ ಜೆಫ್ರಿ ಫ್ರೀಡ್‌ಮನ್ ತಂಡ ಲೆಪ್ಟಿನ್ ಹಾರ್ಮೋನನ್ನು ಪತ್ತೆಮಾಡಿದ ಮೇಲೆ, ಕೊಬ್ಬೂ ಒಂದು ಅಂಗದಂತೆ ಮಿದುಳಿಗೆ ಮೈಯ ದಾಸ್ತಾನಿನ ಲೆಕ್ಕ ಒಪ್ಪಿಸುತ್ತದೆ ಎಂಬುದು ಸ್ಪಷ್ಟವಾಯಿತು. ತೊಡೆ, ಸೊಂಟದ ಚರ್ಮದಡಿಯ ಕೊಬ್ಬು ಮಿಕ್ಕ ಶಕ್ತಿಯನ್ನು ಸುರಕ್ಷಿತವಾಗಿ ಕೂಡಿಡುತ್ತದೆ. ಅಲ್ಲಿ ಜಾಗ ಸಾಲದಾದಾಗ ಅದು ಕರುಳಿನ ಸುತ್ತ, ಯಕೃತ್ತಿನೊಳಗೆ ಸೇರುತ್ತದೆ. ಆಗ ಇನ್ಸುಲಿನ್ ತಡೆದರೂ ಕೇಳದೆ ಯಕೃತ್ತು ರಕ್ತಕ್ಕೆ ಸಕ್ಕರೆ ಬಿಡುತ್ತಲೇ ಇರುತ್ತದೆ. ಹಾಗೆಂದು ಗುರೆಳ್ಳು ಹಿಂಡಿ, ಶೇಂಗಾ ಚಟ್ನಿ ಬಿಡಿ ಎಂಬ ಉಪದೇಶ ನನಗೆ ಒಪ್ಪಿಗೆಯಿಲ್ಲ. ಮಿತಿಮೀರಿ ತಿಂದ ಸಕ್ಕರೆಯನ್ನೂ ಯಕೃತ್ತು ಕೊಬ್ಬಾಗಿಸುತ್ತದೆ. ಸಕ್ಕರೆ ಕಾರ್ಖಾನೆಗಳಿರುವ ಈ ನೆಲದಲ್ಲೇ ಇದನ್ನು ಗಟ್ಟಿಯಾಗಿ ಹೇಳಬೇಕು.

2004ರಲ್ಲಿ ಪುಣೆಯ ವೈದ್ಯ ಚಿತ್ತರಂಜನ್ ಯಾಜ್ಞಿಕ್ ಮತ್ತು ಬ್ರಿಟನ್ನಿನ ಜಾನ್ ಯುಡ್ಕಿನ್ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ತಮ್ಮ ಮೈಯನ್ನೇ ಪುರಾವೆಯಾಗಿ ಮುಂದಿಟ್ಟರು. ಎತ್ತರಕ್ಕೆ ತಕ್ಕ ತೂಕದ ಸೂಚ್ಯಂಕ ಇಬ್ಬರದೂ 22.3, ಕೊಬ್ಬು ಮಾತ್ರ ಯಾಜ್ಞಿಕರಲ್ಲಿ ಶೇ 21.2, ಯುಡ್ಕಿನ್ನರಲ್ಲಿ ಶೇ 9.1. ಮೈಸೂರಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ 1997-98ರಲ್ಲಿ ಶುರುವಾದ ಪಾರ್ಥೆನಾನ್ ಅಧ್ಯಯನ ಇನ್ನೂ ಹಿಂದಕ್ಕೆ, ಹೆರಿಗೆ ಕೋಣೆಗೇ ಹೋಯಿತು. ಅಲ್ಲಿನ ಕೂಸುಗಳು ಬ್ರಿಟನ್ನಿನ ಕೂಸುಗಳಿಗಿಂತ ಸಣ್ಣವು. ಹೆಗಲೆಲುಬಿನ ಕೆಳಗೆ ಚರ್ಮ ಚಿವುಟಿ ಅಳೆದಾಗ ಸಿಕ್ಕ ಕೊಬ್ಬು ಮಾತ್ರ ಹೆಚ್ಚುಕಡಿಮೆ ಅಷ್ಟೇ.

ಹುಟ್ಟಿನಿಂದಲೇ ಬಂದದ್ದಾದರೆ ಹಣೆಬರಹ ಎನ್ನೋಣವೇ? ಬೇಡ. ಊಟದ ನಂತರ ರಕ್ತದ ಸಕ್ಕರೆಯನ್ನು ಹೆಚ್ಚಾಗಿ ಹೀರಿಕೊಳ್ಳುವುದು ಮಾಂಸಖಂಡ, ಅದನ್ನು ಯಾವ ವಯಸ್ಸಿನಲ್ಲೂ ಬೆಳೆಸಬಹುದು. ಹೊಟ್ಟೆಯ ಕೊಬ್ಬು ನಡಿಗೆಗೆ, ದುಡಿಮೆಗೆ ಕರಗುತ್ತದೆ. ಆರೋಗ್ಯ ಕೇಂದ್ರಗಳಲ್ಲಿ ತೂಕದ ಯಂತ್ರದ ಪಕ್ಕದಲ್ಲೊಂದು ಟೇಪು ಇರಲಿ: ಕಡೆಯ ಪಕ್ಕೆಲುಬಿಗೂ ಸೊಂಟದ ಎಲುಬಿಗೂ ನಡುವೆ, ಉಸಿರು ಬಿಟ್ಟು, ಬಿಗಿಯದೆ ಅಳೆಯಬೇಕು. ಗಂಡಸರಲ್ಲಿ 90, ಹೆಂಗಸರಲ್ಲಿ 80 ಸೆಂಟಿಮೀಟರ್ ದಾಟಿದರೆ, ಆಳು ಎಷ್ಟೇ ಸಣ್ಣಗಿರಲಿ, ರಕ್ತ ಪರೀಕ್ಷೆ ಅಂದೇ ಆಗಬೇಕು.